ಮಸಿ ಕಟ್ಟಿದ ಫಿಲ್ಟರ್, ಮೈ ಕಾಯದ ಎಂಜಿನ್

ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಮಲ್ಲೇಶ್ವರದ ನಿವೃತ್ತ ಅಧ್ಯಾಪಕರು ಎರಡು ವಾರ ಅದನ್ನು ಗಮನಿಸಲೇ ಇಲ್ಲ. ಗಮನಿಸಿದ ಮೇಲೂ, ತಾನಾಗಿ ಹೊತ್ತಿದ್ದು ತಾನಾಗಿಯೇ ಆರೀತೆಂದು ಸುಮ್ಮನಿದ್ದರು. ಆರಲಿಲ್ಲ. ಒಂದು ದಿನ ಯಶವಂತಪುರದ ಮೇಲ್ಸೇತುವೆ ಏರುವಾಗ ಕಾರು ಮುದಿ ಎತ್ತಿನಂತೆ ಏದುಸಿರು ಬಿಟ್ಟಿತು. ಗ್ಯಾರೇಜಿನವರು ನೋಡಿ ಹೇಳಿದ್ದು ಇಷ್ಟೆ: ‘ಡಿಪಿಎಫ್ ಕಟ್ಟಿದೆ, ಹೊಸದೇ ಹಾಕಿಸಬೇಕು.’ ಬೆಲೆ ಲಕ್ಷಕ್ಕೂ ಮೇಲೆ. 2020ರಲ್ಲಿ ಕೊಂಡ ಕಾರು; ಪಿಂಚಣಿಯ ಬದುಕು. ಸಣ್ಣ ಮಾತೇ?

ಡಿಪಿಎಫ್ ಎಂದರೆ ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್. ಹೊಗೆ ಹೋಗುವ ದಾರಿಯಲ್ಲಿ ಕೂರುವ, ಜೇನುಗೂಡಿನಂತೆ ಕಿರುಗಾಲುವೆಗಳಿರುವ ಪಿಂಗಾಣಿಯ ದಿಂಡು. ಒಂದು ಕಾಲುವೆಯ ಬಾಯಿ ತೆರೆದಿದ್ದರೆ ಪಕ್ಕದ್ದರದು ಮುಚ್ಚಿರುತ್ತದೆ. ಹೀಗಾಗಿ ಹೊಗೆ ಗೋಡೆಯ ರಂಧ್ರಗಳಲ್ಲಿ ನುಸುಳಿಯೇ ಹೋಗಬೇಕು. ಮಸಿ ಅಲ್ಲೇ ಉಳಿಯುತ್ತದೆ. 2000ದಲ್ಲಿ ಫ್ರಾನ್ಸಿನ ಪ್ಯೂಜೊ 607 ಕಾರಿನೊಂದಿಗೆ ರಸ್ತೆಗಿಳಿದ ಈ ಸಾಧನ ಭಾರತದ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾದದ್ದು 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ.

ಕೂಡಿದ ಮಸಿಯನ್ನು ಆಗಾಗ ಸುಟ್ಟುಹಾಕಬೇಕು. ಹೆದ್ದಾರಿಯ ಓಟದಲ್ಲಿ ಹೊಗೆಯ ಬಿಸಿಗೇ ಒಂದಷ್ಟು ಸುಡುತ್ತದೆ. ಸಾಲದಾದಾಗ ಎಂಜಿನ್ನಿನ ಕಂಪ್ಯೂಟರು ತುಸು ಹೆಚ್ಚು ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಈ ಕೆಲಸಕ್ಕೆ ಹತ್ತಿಪ್ಪತ್ತು ನಿಮಿಷ ಬೇಕು. ಸಂಪಿಗೆ ರಸ್ತೆಯ ತರಕಾರಿ, ಸಂಜೆಯ ದೇವಸ್ಥಾನ ಇಷ್ಟೇ ಓಡುವ ಕಾರಿಗೆ ಅಷ್ಟು ಪುರಸೊತ್ತು ಎಲ್ಲಿ? ನಡುವೆಯೇ ಎಂಜಿನ್ ಆರಿಸಿದರೆ ಮಸಿ ಉಳಿಯುತ್ತದೆ, ಸುಡದ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಕಾರು ನಿಲ್ಲಿಸಿದ ಮೇಲೂ ಫ್ಯಾನು ಭರ್ರೆಂದು ತಿರುಗುತ್ತಿದ್ದರೆ, ಅಳತೆಕಡ್ಡಿಯಲ್ಲಿ ಆಯಿಲ್ ಏರಿದ್ದರೆ, ಸಂಶಯಪಡಬೇಕು.

ಗೆಳೆಯರೊಬ್ಬರು ಸುಲಭದ ದಾರಿ ಸೂಚಿಸಿದರು: ಫಿಲ್ಟರ್ ಕೊರೆಸಿ ಟೊಳ್ಳು ಮಾಡಿಸುವುದು. ಕಾನೂನಿಗೆ ವಿರುದ್ಧ ಎಂಬುದು ಹಾಗಿರಲಿ, ಆ ಮಸಿ ಹೋಗಿ ಕೂರುವುದು ಬೀದಿಯಲ್ಲಾಡುವ ಮಕ್ಕಳ ಶ್ವಾಸಕೋಶದಲ್ಲಿ. ಮೇಷ್ಟ್ರು ಒಪ್ಪಲಿಲ್ಲ.

ಪೀಣ್ಯದ ಮೆಕ್ಯಾನಿಕ್ ಒಬ್ಬರು ಮೊದಲು ಕೇಳಿದ ಪ್ರಶ್ನೆಯೇ ಬೇರೆ: ‘ಕಾರು ಎಷ್ಟು ಓಡಿದೆ?’ 38 ಸಾವಿರ ಕಿಲೋಮೀಟರ್. ಅಂದಮೇಲೆ ಬೂದಿಯ ಚಿಂತೆಯಿಲ್ಲ. ಮಸಿ ಸುಟ್ಟರೆ ಹೋಗುತ್ತದೆ. ಎಂಜಿನ್ ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ. ಅದು ತುಂಬಿಕೊಂಡರೆ ಫಿಲ್ಟರ್ ಬಿಚ್ಚಿ ತೊಳೆಸದೆ ಗತಿಯಿಲ್ಲ. ಆದರೆ ಅದಕ್ಕೆ ಸಾಮಾನ್ಯವಾಗಿ ಲಕ್ಷ ಕಿಲೋಮೀಟರಿನ ಮೇಲಾಗಬೇಕು.

ಆಮೇಲೆ ಸ್ಕ್ಯಾನರ್ ಹೊರಬಂತು. ಫಿಲ್ಟರಿನ ಹಿಂದು ಮುಂದಿನ ಒತ್ತಡದ ಅಂತರ ಅಳೆಯುವ ಸೆನ್ಸರ್ ಒಂದಿದೆ. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿದಾಗ ಅದು ಸೊನ್ನೆ ತೋರಬೇಕು. ತೋರದಿದ್ದರೆ ಸುಳ್ಳು ಹೇಳುತ್ತಿರುವುದು ಸೆನ್ಸರ್, ಫಿಲ್ಟರ್ ನಿರಪರಾಧಿ. ಇಲ್ಲಿ ಸೊನ್ನೆಯೇ ಇತ್ತು. ಸೆನ್ಸರಿನ ರಬ್ಬರ್ ನಳಿಗೆಗಳೂ ಬಿರಿದಿರಲಿಲ್ಲ. ಮಸಿ ನಿಜವಾಗಿಯೇ ತುಂಬಿತ್ತು. ಆದರೆ ಯಾಕೆ?

ಉತ್ತರ ಸಿಕ್ಕಿದ್ದು ಅರ್ಧ ಗಂಟೆ ಓಡಿಸಿ ನೋಡಿದಾಗ. ಎಂಜಿನ್ ನೀರಿನ ಬಿಸಿ 90 ಡಿಗ್ರಿಯ ಆಸುಪಾಸಿನಲ್ಲಿರಬೇಕಾದದ್ದು 65 ದಾಟಲೇ ಇಲ್ಲ. ಥರ್ಮೋಸ್ಟಾಟ್ ತೆರೆದುಕೊಂಡೇ ಕೆಟ್ಟುಹೋಗಿತ್ತು. ಮೈ ಕಾಯದ ಎಂಜಿನ್ನಿನಲ್ಲಿ ಕಂಪ್ಯೂಟರು ಮಸಿ ಸುಡುವ ಕೆಲಸಕ್ಕೆ ಕೈಹಾಕುವುದೇ ಇಲ್ಲ. ಲಕ್ಷ ಕೊಟ್ಟು ಹೊಸ ಫಿಲ್ಟರ್ ಹಾಕಿಸಿದ್ದರೂ ಅದೂ ಇದೇ ದಾರಿ ಹಿಡಿಯುತ್ತಿತ್ತು.

ಥರ್ಮೋಸ್ಟಾಟ್ ಬದಲಾಯಿತು, ಕೆಲವು ಸಾವಿರದ ಖರ್ಚು. ಮಸಿಯ ಪ್ರಮಾಣ ಮಿತಿಯೊಳಗಿದೆಯೆಂದು ಖಚಿತಪಡಿಸಿಕೊಂಡು, ಬಯಲಿನಲ್ಲಿ, ಒಣಹುಲ್ಲು ಇಲ್ಲದ ಕಡೆ ಕಾರು ನಿಲ್ಲಿಸಿ ಸ್ಕ್ಯಾನರಿನ ಆಜ್ಞೆಯಿಂದಲೇ ಮಸಿ ಸುಡಿಸಿದರು. ಮಿತಿ ಮೀರಿದ್ದರೆ ಈ ಸಾಹಸ ಕೂಡದು; ಒಮ್ಮೆಲೇ ಹೊತ್ತಿಕೊಂಡು ಪಿಂಗಾಣಿಯೇ ಸೀಳಬಹುದು. ಕೊನೆಗೆ ಡೀಸೆಲ್ ಬೆರೆತ ಆಯಿಲ್ ಚೆಲ್ಲಿ, ಬೂದಿ ಕಡಿಮೆಯಿರುವ ಹೊಸ ಆಯಿಲ್ ತುಂಬಿದರು.

ದೀಪ ಆರಿತು. ಈಗ ಹದಿನೈದು ದಿನಕ್ಕೊಮ್ಮೆ ಮೇಷ್ಟ್ರ ಸವಾರಿ ತುಮಕೂರು ರಸ್ತೆಯಲ್ಲಿ, ನೆಲಮಂಗಲ ದಾಟಿ. ಫಿಲ್ಟರಿನ ನೆಪ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮಾತನ್ನು ಅವರ ಮನೆಯವರೇ ಹೇಳುತ್ತಾರೆ.