ಮೈಸೂರಿನ ಸಂಬಳ, ಬೆಂಗಳೂರಿನ ಬಾಡಿಗೆ

ಬೆಂಗಳೂರಿಗೆ ಹೋದರೆ ಸಂಬಳ ಹೆಚ್ಚು. ಮೈಸೂರಿನಲ್ಲಿದ್ದರೆ ಖರ್ಚು ಕಡಿಮೆ. ಯಾದವಗಿರಿಯ ಯಾವ ಕಾಫಿ ಹೋಟೆಲಿನಲ್ಲಿ ಕುಳಿತರೂ ಈ ಎರಡು ಮಾತುಗಳು ಕಿವಿಗೆ ಬೀಳುತ್ತವೆ. ಮೊದಲನೆಯದನ್ನು ಹೆಚ್ಚಾಗಿ ಹೇಳುವವನು ಆಳುಗಳನ್ನು ಒದಗಿಸುವ ಗುತ್ತಿಗೆದಾರ. ಎರಡನೆಯದನ್ನು ಹೇಳುವವನು ಕೂಲಿ ಏರಿಸಲು ಮನಸ್ಸಿಲ್ಲದ ಇಲ್ಲಿಯ ಮಾಲೀಕ. ಎರಡೂ ಸುಳ್ಳಲ್ಲ, ಆದರೆ ಎರಡೂ ಅರ್ಧ ಲೆಕ್ಕ. ಉಳಿದರ್ಧವನ್ನು ಕೂಲಿಕಾರ ತಾನೇ ಮಾಡಿಕೊಳ್ಳಬೇಕು.

ಯಾದವಗಿರಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿಯೇ ಮೋಟಾರು ಸೈಕಲ್ಲುಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದಾಗ, ನಡೆದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದವರ ಮನೆಗಳಲ್ಲಿ ಇದೇ ಚರ್ಚೆ ನಡೆಯಿತು. ಕೃಷ್ಣರಾಜೇಂದ್ರ ಮಿಲ್ಲು ನಿಂತಾಗಲೂ ಅಷ್ಟೆ. ಬೆಂಗಳೂರೇನೂ ಮಿಲ್ಲಿನವರಿಗೆ ಆಶ್ರಯಧಾಮವಾಗಿ ಉಳಿದಿಲ್ಲ. ಮಲ್ಲೇಶ್ವರದ ರಾಜಾ ಮಿಲ್ಲಿದ್ದ ಜಾಗದಲ್ಲಿ ಇಂದು ಮಂತ್ರಿ ಮಾಲು ನಿಂತಿದೆ.

ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆದು ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾವು ಇಟ್ಟುಕೊಂಡವು. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಲಿ. ಇಲ್ಲಿ ಸಂಬಳ 18,000, ಬಾಡಿಗೆ 6,000. ಅಲ್ಲಿ ಸಂಬಳ 26,000, ಬಾಡಿಗೆ 11,000. ಎಂಟು ಸಾವಿರ ಹೆಚ್ಚು ಬಂತು, ಐದು ಸಾವಿರ ಬಾಡಿಗೆಗೆ ಹೋಯಿತು. ಇನ್ನು ಮುಂಗಡ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಹತ್ತೇ ಎಂದು ಹಿಡಿದರೆ 1,10,000 ರೂಪಾಯಿ. ಅದನ್ನು ಎರಡು ರೂಪಾಯಿ ಬಡ್ಡಿಗೆ ಸಾಲ ತಂದರೆ ತಿಂಗಳಿಗೆ 2,200. ಬಸ್ಸಿನ ಪಾಸಿಗೆ 1,200. ಅಲ್ಲಿಗೆ ಎಂಟು ಸಾವಿರವೂ ಮುಗಿದು, ಮೇಲೆ 400 ರೂಪಾಯಿ ಕೈಯಿಂದ ಹೋಯಿತು. ಸಾಲದ ಅಸಲು ಹಾಗೆಯೇ ಇದೆ. ಹೊರಡುವ ಹೊತ್ತಿಗೆ ಬಣ್ಣ ಸುಣ್ಣಕ್ಕೆಂದು ಮುಂಗಡದಲ್ಲಿ ಮುರಿದುಕೊಳ್ಳುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆಂದು ಹೇಳುತ್ತದೆ. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ. ರಾಜ್ಯವು ತನ್ನ ಕಾನೂನಾಗಿ ಮಾಡಿಕೊಳ್ಳದೆ ಅದನ್ನು ಹಿಡಿದು ಮನೆಯೊಡೆಯನನ್ನು ಕೇಳಲು ಬರುವುದಿಲ್ಲ.

ನೀರಿನ ಮಾತೂ ಇದೆ. ಬೆಂಗಳೂರಿಗೆ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ಮೇಲೆತ್ತಿ ತರಬೇಕು. ಅದೂ ಎಲ್ಲ ಬಡಾವಣೆಗೆ ಸಾಲದು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವೇ ಟ್ಯಾಂಕರಿನ ದರ ಗೊತ್ತುಮಾಡಬೇಕಾಯಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, ತೆರಿಗೆ ಬೇರೆ.

ಹಾಗಾದರೆ ಯಾರೂ ಹೋಗಬಾರದೆ? ಹಾಗೆಂದು ನಾವು ಹೇಳುವುದಿಲ್ಲ. ಗಂಡ ಹೆಂಡಿರಿಬ್ಬರಿಗೂ ಅಲ್ಲಿ ಕೆಲಸ ಸಿಕ್ಕಿದರೆ ಲೆಕ್ಕ ತಿರುಗುತ್ತದೆ. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಆದರೆ ಮಗುವನ್ನು ನೋಡಿಕೊಳ್ಳಲು ಅಜ್ಜಿ ಮೈಸೂರಿನಲ್ಲಿದ್ದಾಳೆ; ಅಜ್ಜಿಗೆ ಸಂಬಳವಿಲ್ಲದ್ದರಿಂದ ಆಕೆಯ ದುಡಿಮೆ ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ.

ಈಗ ಇಲ್ಲಿಯ ಮಾಲೀಕರ ಮಾತಿಗೆ ಬರೋಣ. ತುಟ್ಟಿಭತ್ಯೆ ಕೇಳಿದರೆ, "ಬೆಂಗಳೂರಿಗಿಂತ ಇಲ್ಲಿ ಎಲ್ಲವೂ ಸೋವಿ" ಎಂಬ ಉತ್ತರ ಬರುತ್ತದೆ. ಇದು ಉತ್ತರವೇ ಅಲ್ಲ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಲೇಬರ್ ಬ್ಯೂರೋ ದೇಶದ 88 ಕೇಂದ್ರಗಳಲ್ಲಿ ತೆಗೆಯುತ್ತದೆ. ಬೆಂಗಳೂರೂ ಮೈಸೂರೂ ಅದರಲ್ಲಿವೆ. 2020ರಲ್ಲಿ ಬಂದ ಈ ಮಾಲೆಯಲ್ಲಿ 2016ರ ಬೆಲೆಯನ್ನು ಪ್ರತಿ ಊರಿನಲ್ಲಿಯೂ 100 ಎಂದು ಇಟ್ಟುಕೊಂಡಿದ್ದಾರೆ. ಆ ವರ್ಷ ಬೆಂಗಳೂರಿನ ಬಾಡಿಗೆ ನಮ್ಮ ಎರಡರಷ್ಟಿದ್ದರೂ ಅಲ್ಲಿಯೂ 100, ಇಲ್ಲಿಯೂ 100. ಆದುದರಿಂದ ಮೈಸೂರಿನ ಅಂಕಿ ಹೆಚ್ಚಾಗಿದ್ದರೆ ಮೈಸೂರು ಬೆಂಗಳೂರಿಗಿಂತ ದುಬಾರಿ ಎಂದಲ್ಲ. ಕಡಿಮೆಯಾಗಿದ್ದರೆ ಸೋವಿ ಎಂದೂ ಅಲ್ಲ. ಮೈಸೂರಿನಲ್ಲಿ ಮೊದಲಿಗಿಂತ ಎಷ್ಟು ಏರಿತು ಎಂಬುದೊಂದೇ ಅದರ ಅರ್ಥ. ಆ ಏರಿಕೆಯನ್ನು ತುಂಬಿಕೊಡುವುದಕ್ಕೆ ಇರುವುದೇ ತುಟ್ಟಿಭತ್ಯೆ. ಅದನ್ನು ಕೇಳುವವನಿಗೆ ಬೆಂಗಳೂರನ್ನು ತೋರಿಸುವುದು, ಮಗನಿಗೆ ಅಂಗಿ ಗಿಡ್ಡವಾಯಿತೆಂದರೆ ಪಕ್ಕದ ಮನೆಯ ಹುಡುಗ ಇನ್ನೂ ಎತ್ತರ ಎಂದಂತೆ.

ಊರಿನಿಂದ ಊರಿಗಿರುವ ವ್ಯತ್ಯಾಸವನ್ನು ಸರ್ಕಾರ ತನ್ನ ನೌಕರರಿಗೆ ಬೇರೆಯಾಗಿಯೇ ಕೊಡುತ್ತದೆ. ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆ 2024ರ ಜನವರಿಯಿಂದ ಬೆಂಗಳೂರಿನಲ್ಲಿ ಮೂಲ ವೇತನದ ನೂರಕ್ಕೆ 30, ಮೈಸೂರಿನಲ್ಲಿ 20 ಎಂದಾಯಿತು. 18,000 ಮೂಲ ವೇತನಕ್ಕೆ ಅಂತರ 1,800 ರೂಪಾಯಿ. ಇದು ಸಾಲದೆಂದು ಬೆಂಗಳೂರಿನವರು ಗೊಣಗಿದರೆ ಆಶ್ಚರ್ಯವಿಲ್ಲ. ಆದರೆ ಕಡಿತ ಬಾಡಿಗೆಯಂಥ ಬಾಬುಗಳಿಗೆ ಮಾತ್ರ. ಮೂಲ ವೇತನವೂ ತುಟ್ಟಿಭತ್ಯೆಯೂ ಎರಡೂ ಊರಿನಲ್ಲಿ ಒಂದೇ. ಬೇಳೆ, ಎಣ್ಣೆ, ಅಡುಗೆ ಅನಿಲಗಳು ಮೈಸೂರೆಂದು ದಾಕ್ಷಿಣ್ಯ ತೋರಿಸುವುದಿಲ್ಲವಷ್ಟೆ.

ಸಣ್ಣ ವ್ಯಾಪಾರಿಗೆ ತುಟ್ಟಿಭತ್ಯೆ ಕೊಡುವವರೇ ಇಲ್ಲ. ಅವನ ಬಂಡವಾಳದಲ್ಲಿ ಮುಕ್ಕಾಲು ಪಾಲು ಗುರುತು ಪರಿಚಯ: ಪುಸ್ತಕದಲ್ಲಿ ಬರೆಸಿ ಸಂಬಳದ ದಿನ ತೀರಿಸುವ ಗಿರಾಕಿ, ವಾರದ ನಂಬಿಕೆಯ ಮೇಲೆ ಸರಕು ಹಾಕುವ ಸಂತೇಪೇಟೆಯ ಸಗಟು ವರ್ತಕ. ಹೊಸ ಊರಿನಲ್ಲಿ ಸರಕಿಗೆ ಮೊದಲು ನಗದು ಎಣಿಸಬೇಕು. ಇಲ್ಲಿಯೇ ಉಳಿದರೂ, ಬೀದಿಯ ನಾಲ್ಕು ಕೂಲಿಕಾರ ಮನೆಗಳು ಬೆಂಗಳೂರಿಗೆ ಹೊರಟರೆ ಅವನ ಪುಸ್ತಕದ ನಾಲ್ಕು ಪುಟ ಖಾಲಿ. ಇಲ್ಲಿಯ ಕೂಲಿ ಏರುವುದು ತನ್ನ ಗಲ್ಲಾಪೆಟ್ಟಿಗೆಯ ವಿಷಯವೂ ಹೌದೆಂದು ವರ್ತಕ ಬಂಧುಗಳು ತಿಳಿದರೆ ಒಳಿತು.

ಹೊರಡಲೇಬೇಕೆಂದಿರುವವರಿಗೆ ಒಂದು ಸೂಚನೆ. ಬೆಂಗಳೂರು ರೈಲಿನಲ್ಲಿ ಸುಮಾರು 140 ಕಿಲೋಮೀಟರ್. 150ರ ವರೆಗೆ ರೈಲ್ವೆಯವರು ಮಾಸಿಕ ಪಾಸು ಕೊಡುತ್ತಾರೆ. ದೇಹಕ್ಕೆ ಸುಲಭವಲ್ಲ. ಆದರೂ ಮೊದಲ ತಿಂಗಳು ಹಾಗೆ ಓಡಾಡಿ, ಮೊದಲ ಸಂಬಳ ಹೇಳಿದಷ್ಟೇ ಕೈಗೆ ಬಂದಿತೇ ಎಂದು ನೋಡಿದ ಮೇಲೆ ಸಾಮಾನು ಸಾಗಿಸಬಹುದು. ಮುಂಗಡ ಕೊಡುವಾಗ ರಸೀತಿ ಪಡೆಯಿರಿ. ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆಂಬುದನ್ನು ಕರಾರು ಪತ್ರದಲ್ಲಿಯೇ ಬರೆಸಿ.