ತಾಲೀಮಿನ ಮೇಷ್ಟ್ರು ಮತ್ತು ಕೋಡ್ ರಿವ್ಯೂ

ಈ ವಾರ ಮಧುಗಿರಿ ಕಡೆಯ ಹಳ್ಳಿಯೊಂದರಲ್ಲಿ ಕುರುಕ್ಷೇತ್ರ ನಾಟಕದ ತಾಲೀಮು ನೋಡಿದೆ. ದುರ್ಯೋಧನನ ಪಾತ್ರಧಾರಿ ಶ್ರುತಿ ತಪ್ಪಿದ ಕೂಡಲೇ ಹಾರ್ಮೋನಿಯಂ ಮೇಷ್ಟ್ರು ತಡೆದರು. ಹುಡುಗನ ಕಂಠವನ್ನು ಹಳಿಯದೆ, ಜಾರಿದ ಸ್ವರವನ್ನೇ ಒತ್ತಿ ತೋರಿಸಿ, ಆ ಸಾಲನ್ನಷ್ಟೇ ಮತ್ತೆ ಹಾಡಿಸಿದರು. ಶಿರಾ, ಕೊರಟಗೆರೆ, ಪಾವಗಡಗಳಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋದ ನಮ್ಮ ಮಕ್ಕಳ ಕೋಡ್ ರಿವ್ಯೂಗೂ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಪರಿಶೀಲಿಸುವ ಕೆಲಸಕ್ಕೂ, ಇದೇ ಶಿಸ್ತು ಬೇಕು. ‘ಇದು ಸರಿಯಿಲ್ಲ’ ಎಂಬ ಟಿಪ್ಪಣಿ ಯಾರಿಗೂ ಏನನ್ನೂ ಕಲಿಸದು. ‘ಪಟ್ಟಿ ಖಾಲಿ ಬಂದರೆ ಇಲ್ಲಿ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ, ಮೊದಲೇ ಒಂದು ತಪಾಸಣೆ ಹಾಕೋಣವೇ?’ ಎಂದರೆ ದೋಷವೂ ಕಾಣುತ್ತದೆ, ದಾರಿಯೂ ಕಾಣುತ್ತದೆ. ಸ್ಪೇಸು, ಆವರಣಗಳ ತಕರಾರನ್ನು ಅವನ್ನು ತಾನೇ ಸರಿಪಡಿಸುವ ಫಾರ್ಮ್ಯಾಟರ್ ತಂತ್ರಾಂಶಕ್ಕೆ ಬಿಟ್ಟರಾಯಿತು. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಯ ಕ್ರಮವನ್ನು ವಿವರಿಸಿದಾಗಲೇ, ಅಲ್ಲಿ ಸಿಕ್ಕ ದೋಷಗಳನ್ನು ಪ್ರೋಗ್ರಾಮರ್‌ನ ಮೌಲ್ಯಮಾಪನಕ್ಕೆ ಬಳಸಕೂಡದೆಂದು ಎಚ್ಚರಿಸಿದ್ದರು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಅದನ್ನು ಮರೆತ ತಂಡದಲ್ಲಿ ಹೊಸಬರು ಕೋಡ್ ತೋರಿಸಲೇ ಅಂಜುತ್ತಾರೆ. ಬಚ್ಚಿಟ್ಟು ಬಚ್ಚಿಟ್ಟು, ಕೊನೇ ಗಳಿಗೆಯಲ್ಲಿ ಸಾವಿರ ಸಾಲು ಒಟ್ಟಿಗೆ ಕಳಿಸುತ್ತಾರೆ. ಅಷ್ಟನ್ನು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ, ಒಪ್ಪಿಗೆಯ ಗುಂಡಿ ಒತ್ತುತ್ತಾರೆ, ದೋಷ ನೇರವಾಗಿ ಗ್ರಾಹಕರ ಫೋನಿಗೆ ಹೋಗುತ್ತದೆ.