ಕ್ಯಾಮೆರಾ ನಮ್ಮನ್ನು ಯಾರ ಪಕ್ಕ ಕೂರಿಸುತ್ತದೆ?

ಕ್ರೈಂ ಸಿನಿಮಾ ಗುಂಡಿನ ಸದ್ದಿನಿಂದಲೇ ಶುರುವಾಗಬೇಕು ಎಂದುಕೊಂಡಿದ್ದೆ. 1972ರ ‘ದಿ ಗಾಡ್‌ಫಾದರ್’ ನೋಡಿದ ಮೇಲೆ ಹಾಗನ್ನಿಸುತ್ತಿಲ್ಲ. ಮೊದಲು ಕಪ್ಪು ಪರದೆ, ಒಂದು ದನಿ. ಆಮೇಲೆ ಮಗಳ ಮೇಲಾದ ಹಲ್ಲೆಗೆ ನ್ಯಾಯ ಕೇಳುವ ತಂದೆಯ ಮುಖ. ಜೂಮ್ ನಿಧಾನವಾಗಿ ಹಿಂದೆ ಸರಿದಂತೆ ಡಾನ್‌ನ ಬೆನ್ನು ಕಾಣುತ್ತದೆ. ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ಬೆಳಕನ್ನು ಮೇಲಿನಿಂದ ಬಿಟ್ಟಿದ್ದರಿಂದ ಅವನ ಕಣ್ಣುಗಳು ನೆರಳಲ್ಲೇ ಉಳಿಯುತ್ತವೆ. ಒಳಗೆ ತಗ್ಗಿದ ಮಾತು. ಹೊರಗೆ ಬಿಸಿಲು, ಮದುವೆಯ ವಾದ್ಯ.

ನಾನೂ ಡಾನ್ ಪಕ್ಕ ಕೂತವನಂತೆ ಸೇಡಿಗೆ ತಲೆಯಾಡಿಸಿದ್ದೆ. ಎರಡನೇ ಸಲ ನೋಡಿದಾಗ ನಾಚಿಕೆಯಾಯಿತು. ಕೋರ್ಟು ಹುಡುಗರನ್ನು ಜೈಲಿಗೆ ಕಳಿಸದೆ ಬಿಟ್ಟಾಗ ಆ ತಂದೆಗೆ ಬಂದ ಸಿಟ್ಟು ಸಹಜ. ಆದರೆ ಕತ್ತಲ ಕೋಣೆಯಲ್ಲಿ ನ್ಯಾಯ ಕೇಳಿದವನು ಡಾನ್‌ನ ಋಣ ಹೊತ್ತು ಹೊರಬರುತ್ತಾನೆ. ಗೆಳೆಯರೇ, ಸಿನಿಮಾ ನೋಡುವಾಗ ನೀವು ಯಾರ ಪಕ್ಕ ಕೂತಿದ್ದೀರಿ ಎಂದು ಒಮ್ಮೆ ಕೇಳಿಕೊಳ್ಳಿ.